ಹೆದರುವವರಿಗೊಂದು ಇಳಿಜಾರು

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಮಣ್ಣಿಗೆ ಆಕಾರ ಕೊಡುವ ಬುಲ್ಡೋಜರಿನವರಿಗೆ ಕಳಿಸುವ ಮೊದಲ ನಕ್ಷೆಯಲ್ಲಿ ಅಕ್ಷರ ಇರಬಾರದು, ಅಂಕಿಯೂ ಇರಬಾರದು. ಬರೀ ಗೆರೆಗಳು. ನೆಲ ಏರಬೇಕಾದ ಕಡೆ ಪೆನ್ಸಿಲಿನಿಂದ ಕಪ್ಪಗೆ ತೀಡಿರಬೇಕು, ಇಳಿಯಬೇಕಾದ ಕಡೆ ಬಿಳಿ ಬಿಟ್ಟಿರಬೇಕು. ಅಳತೆಗಳಿರುವ ನಕ್ಷೆ ಬೇರೆ, ಅದು ಆಮೇಲೆ ಮಟ್ಟ ನೋಡಲು ಬರುವವರಿಗೆ. "ಅಂಕಿ ಕಂಡ್ರೆ ಕೈ ಮರಗಟ್ಟುತ್ತೆ. ಮೊದಲು ಕಣ್ಣಿಗೆ ಆಕಾರ ಸಿಗಲಿ" ಎನ್ನುತ್ತಿದ್ದರು ದೊಡ್ಡೋರು. ದೊಡ್ಡೋರು ಎಂದರೆ ಕಚೇರಿಯ ಯಜಮಾನರು, ಗಾಲ್ಫ್ ಮೈದಾನಗಳ ವಿನ್ಯಾಸದಲ್ಲಿ ಹೆಸರು ಮಾಡಿದವರು. ಆಳು ನನ್ನ ಭುಜಕ್ಕೆ ಬರುತ್ತಿದ್ದರು. ಎದುರಿಗೆ ಸಾರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ದೊಡ್ಡೋರು.

ನನ್ನನ್ನು ಎದುರಿಗೂ ಬೆನ್ನ ಹಿಂದೆಯೂ ಸ್ಕೇಲಮ್ಮ ಎಂದೇ ಕರೆಯುತ್ತಿದ್ದರು. ಹಗಲು ಟೈಲ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು, ಸಂಜೆ ಶಾಲೆಯಲ್ಲಿ ನಕ್ಷೆ ಬರೆಯುವುದನ್ನು ಕಲಿತವಳು ನಾನು. ಕಾಲೇಜಿನಲ್ಲಿ ಕಲಿತು ಬಂದವರು ಒಂದು ಗೆರೆ ಎಳೆದರೆ ಮುಗಿಯಿತು, ಕೈ ಒರೆಸಿಕೊಂಡು ಕಾಫಿಗೆ ಹೋಗುತ್ತಿದ್ದರು. ನಾನು ಎಳೆದ ಮೇಲೆ ಅಳೆಯುತ್ತಿದ್ದೆ, ಅಳೆದ ಮೇಲೆ ಮತ್ತೆ ಅಳೆಯುತ್ತಿದ್ದೆ, ಮನೆಗೆ ಹೋಗುವ ಬಸ್ಸಿನಲ್ಲಿ ಸರಿಯಾಗಿ ಅಳೆದೆನೇ ಎಂದು ಯೋಚಿಸುತ್ತಿದ್ದೆ. ಇದು ಒಳ್ಳೆಯ ಗುಣವೋ ಕಾಯಿಲೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ನಾವು ಮಾಡುತ್ತಿದ್ದದ್ದು ದೊಡ್ಡ ಕೆಲಸ. ಊರಿನ ಹೊರಗೆ ಜಲ್ಲಿ ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಗದಲ್ಲಿ, ಚಾಂಪಿಯನ್‌ಶಿಪ್ ನಡೆಸುವ ಮಟ್ಟದ ಹದಿನೆಂಟು ಕುಳಿಗಳ ಗಾಲ್ಫ್ ಮೈದಾನ. ಜನ ನಿಂತು ನೋಡಲು ದಿಬ್ಬಗಳು, ಕ್ಯಾಮೆರಾದವರಿಗೆ ಅಟ್ಟಣೆಯ ಜಾಗ, ನೆಲದಡಿಯಲ್ಲಿ ನೀರು ಬಸಿಯಲು ಕೊಳವೆಗಳು. ಹದಿನೇಳು ಕುಳಿಗಳನ್ನು ದೊಡ್ಡೋರು ಮತ್ತು ಅವರ ಸಹಾಯಕರು ಬರೆದಿದ್ದರು. ಹನ್ನೆರಡನೆಯದನ್ನು ಒಂದು ದಿನ ನನ್ನ ಮೇಜಿನ ಮೇಲಿಟ್ಟು ದೊಡ್ಡೋರು ಹೇಳಿದರು, "ಇದು ನಿಮ್ದು. ಎಷ್ಟು ದಿನ ಅಂತ ನಮ್ಮ ಗೆರೆಗಳನ್ನೇ ತಿದ್ದಿ ಬರೀತೀರಿ? ತಪ್ಪಾದ್ರೆ ನಾನಿದೀನಿ. ಚೆನ್ನಾಗಾದ್ರೂ ನಾನಿದೀನಿ, ಹೆಸರು ಹಾಕ್ಕೊಳ್ಳೋಕೆ."

ಹನ್ನೆರಡನೆಯದು ಚಿಕ್ಕದು. ಅಲ್ಲಿ ಒಂದು ಉದ್ದನೆಯ ಕೊಳ. ಕೊಳದ ತಲೆಯ ಕಡೆ ಗ್ರೀನ್, ಅಂದರೆ ಬಾವುಟ ನೆಟ್ಟ ಕುಳಿಯಿರುವ, ಹುಲ್ಲನ್ನು ಚಾಪೆಯಂತೆ ಕತ್ತರಿಸಿದ ಜಾಗ. ಕೊಳದ ಬಾಲದ ಕಡೆ, ಬಲದಂಡೆಯಲ್ಲಿ ಟೀ, ಅಂದರೆ ಆಟಗಾರ ನಿಂತು ಹೊಡೆಯುವ ಜಾಗ. ಅಲ್ಲಿ ನಿಂತರೆ ಎಡಗಡೆಯೆಲ್ಲ ನೀರು, ಬಲಗಡೆ ಒಣ ನೆಲ. ಒಂದೇ ಹೊಡೆತದಲ್ಲಿ ಚೆಂಡು ಗ್ರೀನ್ ಸೇರಬೇಕು.

ಕಚೇರಿಯವರ ಜೊತೆ ಒಂದೆರಡು ಸಲ ಆಡಲು ಹೋದಾಗ ಇಂಥ ಜಾಗದಲ್ಲಿ ನಿಂತು ನನ್ನ ಅಂಗೈ ಬೆವೆತಿದೆ. ಹಿಂದೆ ಎಲ್ಲರೂ ನೋಡುತ್ತಿರುತ್ತಾರೆ. ನೀರನ್ನು ನೋಡಬಾರದು ಎಂದುಕೊಂಡಷ್ಟೂ ನೀರೇ ಕಾಣುತ್ತದೆ. ದೊಡ್ಡೋರ ಮೈದಾನಗಳಲ್ಲಿ ಹೆದರಿದವರಿಗೂ ಒಂದು ಕಡೆ ಜಾಗ ಇರುತ್ತಿತ್ತು, ಆದರೆ ಅಲ್ಲಿಗೆ ಹೊಡೆದವರಿಗೆ ಮುಂದಿನ ಹೊಡೆತ ಇನ್ನೂ ಕಷ್ಟವಾಗುತ್ತಿತ್ತು. ಹೆದರಿದ್ದಕ್ಕೆ ದಂಡ. ನಾನು ಹನ್ನೆರಡನೆಯದನ್ನು ಬೇರೆ ಥರ ಬರೆದೆ. ಧೈರ್ಯ ಇರುವವರು ನೀರಿನ ಮೇಲಿಂದ, ಎಡಗಡೆಯಲ್ಲಿ ಚೆಂಡು ಸಿಕ್ಕಿಕೊಳ್ಳಲೆಂದೇ ಮಾಡಿದ ಮರಳುಗುಂಡಿಯನ್ನು ದಾಟಿಸಿ ನೇರ ಬಾವುಟಕ್ಕೆ ಹೊಡೆಯಲಿ. ಧೈರ್ಯ ಇಲ್ಲದವರು ಬಲಗಡೆಯ ಒಣ ನೆಲದ ಪಕ್ಕಕ್ಕೆ ಹೊಡೆಯಲಿ. ಗ್ರೀನಿನ ಬಲಭಾಗ ಎತ್ತರ, ಎಡಕ್ಕೆ ಇಳಿಜಾರು. ಸರಿಯಾದ ಪಟ್ಟಿಯಲ್ಲಿ ಬಿದ್ದರೆ ಚೆಂಡು ತಾನಾಗಿ ಮೆಲ್ಲಗೆ ಉರುಳಿ ಬಾವುಟದ ಹತ್ತಿರ ಬರುತ್ತದೆ. ಪುಕ್ಕಟೆ ಅಲ್ಲ, ಆ ಪಟ್ಟಿಯನ್ನು ನೋಡಿ ಹುಡುಕಿಕೊಳ್ಳಬೇಕು. ಹೆದರಿದವರು ಸುತ್ತಮುತ್ತ ಚೆನ್ನಾಗಿ ನೋಡುತ್ತಾರೆ ಎಂದು ನನ್ನ ನಂಬಿಕೆ.

ಆ ಇಳಿಜಾರಿಗಾಗಿ ಎಷ್ಟು ಹಾಳೆ ಹರಿದೆನೋ. ನನ್ನ ಬದುಕಿನಲ್ಲಿ ನಾನೇ ಯೋಚಿಸಿ, ನಾನೇ ಬರೆದದ್ದು ಅದೊಂದೇ.

ಅದನ್ನು ಮಣ್ಣಿನಲ್ಲಿ ಮೂಡಿಸುವ ಕೆಲಸ ನಮ್ಮ ಭಾವನಿಗೆ ಬಂತು. ಭಾವ ಎಂದರೆ ನಮ್ಮವರ ಅಣ್ಣ. ನನಗೆ ಈ ಕಚೇರಿಯ ಕೆಲಸ ಸಿಕ್ಕಿದ್ದೇ ಅವರಿಂದ. ಬುಲ್ಡೋಜರಿನ ಮುಂದಿನ ಅಲಗನ್ನು ಆಡಿಸುವುದರಲ್ಲಿ ಅವರಿಗೆ ಅವರೇ ಸಾಟಿ, ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. "ಈ ಅಲಗಿನಲ್ಲಿ ಬೇಕಾದ್ರೆ ನಿನ್ನ ಗಂಡನಿಗೆ ಗಡ್ಡ ಹೆರೆದು ಕೊಡ್ತೀನಿ" ಎನ್ನುತ್ತಿದ್ದರು. ಆದರೆ ಹಿಂದಿನ ತಿಂಗಳು ದೊಡ್ಡೋರು ಇಷ್ಟಪಟ್ಟಿದ್ದ ಒಂದು ದಿಬ್ಬವನ್ನು, ಯಾರೋ ಸುರಿದುಹೋದ ಮಣ್ಣು ಎಂದುಕೊಂಡು, ಹೆರೆದು ಸಮ ಮಾಡಿಬಿಟ್ಟಿದ್ದರು. ಇನ್ನೊಂದು ಸಲ ಹೀಗಾದರೆ ರೋಲರಿಗೆ ಹಾಕುತ್ತೇನೆಂದು ದೊಡ್ಡೋರು ಎಲ್ಲರ ಮುಂದೆ ಹೇಳಿದ್ದರು. ರೋಲರ್ ಓಡಿಸುವುದರಲ್ಲಿ ಏನೂ ತಪ್ಪಿಲ್ಲ, ಆದರೆ ಭಾವನಿಗೆ ಅದು ಹಾಡುಗಾರನಿಗೆ ಮೈಕ್ ಹಿಡಿದುಕೊಂಡು ನಿಲ್ಲು ಎಂದ ಹಾಗೆ.

ನಾನು ಗ್ರೀನಿನ ನಕ್ಷೆಯನ್ನಷ್ಟೇ, ಕಾಗದದಲ್ಲಿ ಕೊಡದೆ, ಬೆಳಕು ತೂರುವ ಟ್ರೇಸಿಂಗ್ ಹಾಳೆಯಲ್ಲಿ ಕೊಟ್ಟೆ. ಕ್ಯಾಬಿನ್ನಿನಲ್ಲಿ ಮಳೆನೀರು ಸಿಡಿದರೂ ಹರಿಯಬಾರದಲ್ಲ, ಅದಕ್ಕೆ.

ದೊಡ್ಡೋರು ನೋಡಲು ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಸ್ಥಳಕ್ಕೆ ಹೋದೆ. ಅವರು ಒಪ್ಪಿದರೆ ಮರುದಿನವೇ ಕೊಳವೆ ಹೂಳುವವರು ಬರುತ್ತಾರೆ, ಆಮೇಲೆ ಆಕಾರ ಬದಲಾಗುವುದಿಲ್ಲ. ಟೀ ಬರಬೇಕಾದಲ್ಲಿ ನಾಲ್ಕು ಗೂಟ ನೆಟ್ಟಿದ್ದರು. ಅಲ್ಲಿ ನಿಂತು ನೋಡಿದೆ. ಗ್ರೀನಿನ ಮಣ್ಣು ಉರುಳೆ ಎಳೆದು ನುಣ್ಣಗಾಗಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಭಾವ ಕ್ಯಾಬಿನ್ನಿನಿಂದ ಇಳಿದು, ನನ್ನ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

"ಹೇಗಿದೆ ಸ್ಕೇಲಮ್ಮ? ಬೆಣ್ಣೆ ಸವರಿದ ಹಾಗಿದೆ ಅಲ್ವಾ? ಬಾಯಿ ಬಿಟ್ಟು ಒಂದು ಒಳ್ಳೆ ಮಾತು ಹೇಳು. ಭಾವ ಅಂತ ಜಿಪುಣತನ ಮಾಡ್ಬೇಡ."

ಬಾಯಿ ಬಿಟ್ಟೇ ಇದ್ದೆ.

"ಭಾವ, ಮರಳುಗುಂಡಿ ಬಲಕ್ಕಿದೆ."

"ಹೌದು. ನೀನೇ ಬರೆದಿದ್ದು."

"ನಾನು ಎಡಕ್ಕೆ ಬರೆದಿದ್ದೆ."

"ಏ, ಹೋಗು! ಬಾ, ತೋರಿಸ್ತೀನಿ."

ಕ್ಯಾಬಿನ್ನಿಗೆ ಹತ್ತಿಸಿದರು. ಮುಂದಿನ ಗಾಜಿನ ಮೂಲೆಯಲ್ಲಿ ನನ್ನ ಹಾಳೆಯನ್ನು ಅಂಟಿಸಿದ್ದರು, ನಾಲ್ಕೂ ಮೂಲೆಗೆ ಒಪ್ಪವಾಗಿ ಟೇಪು ಹಾಕಿ. ಬೆಳಕು ಹಿಂದಿನಿಂದ ಬಿದ್ದು ಗೆರೆಗಳು ಸೊಗಸಾಗಿ ಕಾಣುತ್ತಿದ್ದವು. ಮುಟ್ಟಿ ನೋಡಿದೆ. ಪೆನ್ಸಿಲ್ ತೀಡಿದ ಮುಖ ಗಾಜಿನ ಕಡೆಗಿತ್ತು. ನನ್ನ ಕಡೆಗಿದ್ದದ್ದು ಹಾಳೆಯ ಬೆನ್ನು.

"ಪೆನ್ಸಿಲ್ ಅಳಿಸಿಹೋಗುತ್ತೆ ಅಂತ ಆ ಕಡೆ ಮಾಡಿದೆ" ಎಂದರು ಭಾವ. "ನನ್ನ ತೋಳು ಸದಾ ಅಲ್ಲೇ ಉಜ್ಜುತ್ತಲ್ಲ. ಹಿಂದಿನಿಂದಾನೂ ಚೆನ್ನಾಗೇ ಕಾಣ್ತಿತ್ತು. ನಿನ್ನ ಗೆರೆ ಕೆಡಬಾರದು ಅಂತಾನೇ ನಾನು..."

ಹಾಳೆಯಲ್ಲಿ ಒಂದೇ ಒಂದು ಅಕ್ಷರ ಇದ್ದಿದ್ದರೂ ಅದು ತಿರುಗಿ ಕಂಡು ಗೊತ್ತಾಗಿಬಿಡುತ್ತಿತ್ತು. ಕಾಗದವಾಗಿದ್ದರೆ ಹಿಂದಿನಿಂದ ಕಾಣುತ್ತಲೇ ಇರಲಿಲ್ಲ. ಅವರ ಜೋಪಾನ, ನನ್ನ ಜೋಪಾನ, ಎರಡೂ ಸೇರಿ ಗ್ರೀನ್ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿತ್ತು.

ನಾನು ಇಳಿದು ಮತ್ತೆ ಗೂಟಗಳ ಹತ್ತಿರ ಹೋದೆ. ಎಡಗಡೆ ನೀರು. ಬಲಗಡೆ, ಹೆದರಿದವರು ಹೊಡೆಯಬೇಕಾದ ಕಡೆ, ಬಾಯಿ ತೆರೆದುಕೊಂಡ ಮರಳುಗುಂಡಿ. ಎತ್ತರವೆಲ್ಲ ನೀರಿನ ಆಚೆ, ಯಾರಿಗೂ ಉಪಯೋಗಕ್ಕೆ ಬಾರದ ಕಡೆ. ಹೆದರಿದವರಿಗೆ ಇಲ್ಲಿ ಕಾಲಿಡುವಷ್ಟು ಜಾಗವಿರಲಿಲ್ಲ.

ಭಾವ ಹಿಂದೆಯೇ ಬಂದರು. ದನಿ ಇಳಿದಿತ್ತು. "ದೊಡ್ಡೋರು ನಾಳೆ ಬೆಳಿಗ್ಗೆ ಬರ್ತಾರೆ. ಮಗುಚಿ ಹಾಕೋಕೆ ಇದೇನು ಚಾಪೆಯಾ? ಅವರು ನಿನ್ನ ಹಾಳೇನ ಒಂದು ಸಲ ನೋಡಿರ್ತಾರೆ, ಅವರಿಗೆಲ್ಲಿ ಎಡ ಬಲ ನೆನಪಿರುತ್ತೆ? ಸುಮ್ಮನಿದ್ಬಿಡು ತಾಯಿ. ಗ್ರೀನಂತೂ ಚೆನ್ನಾಗಿದೆ."

ಚೆನ್ನಾಗಿತ್ತು. ಅದೇ ಕಷ್ಟವಾಗಿದ್ದು.

ನಮ್ಮದು ಮಹಡಿ ಮನೆ. ಕೆಳಗೆ ನಾವು, ಮೇಲೆ ಭಾವ ಮತ್ತು ಓರಗಿತ್ತಿ. ಊಟ ಮಾತ್ರ ಕೆಳಗೆ ಎಲ್ಲರದೂ ಒಟ್ಟಿಗೆ, ಯಾಕೆಂದರೆ ದೊಡ್ಡ ಮೇಜು ನಮ್ಮಲ್ಲಿತ್ತು. ಅವತ್ತು ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಓರಗಿತ್ತಿಗೆ ಬಾಯಿ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೇಳಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ಇವರಿಗೆ ಎಡ ಬಲ ಕೊಟ್ಟಿದ್ದು ನಿನ್ನ ತಪ್ಪು ಕಣೇ. ಹೆಣ್ಣು ನೋಡೋಕೆ ಮೊದಲ ಸಲ ಬಂದಾಗ್ಲೇ ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಂಡು ಬಂದಿದ್ರು. ಕುಂಟ್ತಾರೆ ಪಾಪ ಅಂತ ನಮ್ಮಮ್ಮ ಮರುಗಿದ್ದೇ ಮರುಗಿದ್ದು."

"ಆ ಬೂಟು ಬಿಗಿಯಾಗಿತ್ತು" ಎಂದರು ಭಾವ.

"ಬಿಗಿಯಾಗದೆ ಇನ್ನೇನು!"

ನಮ್ಮವರು ಲಿಫ್ಟು ರಿಪೇರಿಯವರು, ಮಾತು ಕಡಿಮೆ. ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತ ನನ್ನನ್ನು ಕೇಳಿದರು, "ಹೇಳ್ತೀಯಾ?"

"ಹೇಳಿದ್ರೆ ಭಾವನಿಗೆ ರೋಲರು."

"ಹೇಳದೆ ಇದ್ರೆ?"

"ಹೇಳದೆ ಇದ್ರೆ..." ಎಂದೆ. ಒಂದು ಇಳಿಜಾರಿಗಾಗಿ ಇಷ್ಟು ಸಂಕಟಪಡುತ್ತಿದ್ದೇನೆ ಎಂದರೆ ನಗುತ್ತಾರೆ. ಆದರೂ ಹೇಳಿದೆ. ನೀರಿನ ಮುಂದೆ ನಿಂತು ಹೆದರುವವರು, ಅವರಿಗಾಗಿ ಬರೆದದ್ದು, ಈಗ ಅದು ಅವರನ್ನೇ ಹಿಡಿಯುವ ಬೋನಾಗಿದೆ ಎಂದೆಲ್ಲ. ಯಾರೂ ನಗಲಿಲ್ಲ. ಓರಗಿತ್ತಿ ನನ್ನ ತಟ್ಟೆಗೆ ಒಂದು ಚಮಚ ಹೆಚ್ಚು ಹಾಕಿದರು.

ಮೇಜು ಒರೆಸಿದ ಮೇಲೆ ಮೈದಾನದ ದೊಡ್ಡ ನಕ್ಷೆಯನ್ನು ಹರಡಿ, ಅದರ ಮೇಲೆ, ಕ್ಯಾಬಿನ್ನಿನಿಂದ ಬಿಡಿಸಿ ತಂದಿದ್ದ ಟ್ರೇಸಿಂಗ್ ಹಾಳೆಯನ್ನು ಬೆನ್ನು ಮೇಲಾಗಿಸಿ ಇಟ್ಟೆ. ಮಣ್ಣಿನಲ್ಲಿ ಈಗ ಇರುವುದು ಹೀಗೆ. ಇದರ ಜೊತೆ ಏನಾದರೂ ಮಾಡಬಹುದೇ? ಮರಳುಗುಂಡಿ ಮುಚ್ಚಿಸಿದರೆ? ಎತ್ತರವನ್ನು ಅರ್ಧ ತೆಗೆದರೆ? ಎರಡೂ ಸರಿಬರಲಿಲ್ಲ. ಆಮೇಲೆ ನನ್ನ ಕಣ್ಣು ಕೊಳದ ಕಡೆ ಹೋಯಿತು. ಕೊಳ ಗ್ರೀನಿನ ನಟ್ಟನಡುವೆ ತಲೆಯಿಟ್ಟು ಮಲಗಿತ್ತು, ಎರಡೂ ದಂಡೆ ಹೆಚ್ಚುಕಡಿಮೆ ಒಂದೇ ಉದ್ದ. ಗ್ರೀನ್ ತಿರುಗಿದೆ, ಸರಿ. ಆಟಗಾರನೂ ತಿರುಗಿದರೆ? ಟೀಯನ್ನು ಬಲದಂಡೆಯಿಂದ ಎಡದಂಡೆಗೆ ಒಯ್ದರೆ ನೀರು ಅವನ ಬಲಕ್ಕೆ ಬರುತ್ತದೆ, ಮರಳುಗುಂಡಿಯೂ ಬಲಕ್ಕೆ. ಒಣ ನೆಲ ಎಡಕ್ಕೆ, ಎತ್ತರವೂ ಎಡಕ್ಕೆ. ನನ್ನ ಇಳಿಜಾರು, ಕನ್ನಡಿಯಲ್ಲಿ ಕಂಡ ಹಾಗೆ, ಹಾಗೇ ಇತ್ತು.

ಇಷ್ಟು ಸುಲಭವೇ ಎಂದು ನಂಬಿಕೆ ಬರಲಿಲ್ಲ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮವರನ್ನು ಕರೆದು, ಏನೂ ಹೇಳದೆ, ಇಲ್ಲಿ ನಿಂತರೆ ನೀರು ಯಾವ ಕಡೆ ಎಂದು ಕೇಳಿದೆ. ಅವರು ಬಲ ಎಂದರು. ಭಾವನನ್ನು ಕೇಳಲಿಲ್ಲ.

ಬೆಳಿಗ್ಗೆ ದೊಡ್ಡೋರು ರಬ್ಬರ್ ಬೂಟು ಹಾಕಿಕೊಂಡು ಬಂದರು. ಬಲದಂಡೆಯ ಗೂಟಗಳ ನಡುವೆ ನಿಂತು ಗ್ರೀನನ್ನು ಬಹಳ ಹೊತ್ತು ನೋಡಿದರು. ಭಾವ ಕಾಲಿನಿಂದ ಮಣ್ಣಿನ ಒಂದು ಹೆಂಟೆಯನ್ನು ಪುಡಿ ಮಾಡುತ್ತಿದ್ದರು.

"ಅಲ್ರೀ" ಎಂದರು ದೊಡ್ಡೋರು ನನ್ನ ಕಡೆ ತಿರುಗಿ, "ನಿಮ್ಮೊಳಗೆ ಇಷ್ಟೊಂದು ಕ್ರೌರ್ಯ ಇದೆ ಅಂತ ಗೊತ್ತಿರಲಿಲ್ಲ. ಆ ಕಡೆ ನೀರು, ಈ ಕಡೆ ಮರಳು. ಉಸಿರಾಡೋಕೇ ಜಾಗ ಇಲ್ಲ! ಚಾಂಪಿಯನ್‌ಶಿಪ್ಪಿನವರು ಇದನ್ನ ನೋಡಿದ್ರೆ ಕುಣೀತಾರೆ. ಶಭಾಷ್."

ಅವರ ಬಾಯಿಂದ ಶಭಾಷ್ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಮುಖ ಅರಳಿಸಿ, ನನ್ನ ಕಡೆ ಹುಬ್ಬು ಹಾರಿಸಿದರು. ಸುಮ್ಮನಿದ್ದರೆ ಆಗಿಹೋಗಿತ್ತು. ಸುಮ್ಮನಿರಬೇಕೆಂದು ನನಗೂ ಒಂದು ಕ್ಷಣ ಅನ್ನಿಸಿತು, ಹೊಗಳಿಕೆ ಅಷ್ಟು ಬೆಚ್ಚಗಿತ್ತು. ಆದರೆ ಅವರು ಹೊಗಳಿದ್ದು ನಾನು ಬರೆಯದ ಗ್ರೀನನ್ನು.

"ಸಾರ್, ಇದು ನಾನು ಬರೆದದ್ದಲ್ಲ" ಎಂದೆ. "ತಿರುಗಿಹೋಗಿದೆ. ಹಾಳೇನ ಹಿಂದಿನಿಂದ ನೋಡಿ ಮಾಡಿದ್ದು. ನಾನು ಟ್ರೇಸಿಂಗಲ್ಲಿ ಕೊಡಬಾರದಿತ್ತು."

ಭಾವ ಹೆಂಟೆಯನ್ನು ಬಿಟ್ಟು ಮುಂದೆ ಬಂದರು. "ಅಂಟಿಸಿದ್ದು ನಾನು ಸಾರ್. ಅವಳನ್ನ ಏನೂ ಅನ್ಬೇಡಿ. ಗೆರೆ ಅಳಿಸುತ್ತೆ ಅಂತ ಮುಖ ಆ ಕಡೆ ಮಾಡ್ದೆ."

ದೊಡ್ಡೋರು ಇಬ್ಬರನ್ನೂ ನೋಡಿದರು. "ಎಡ ಬಲ ಗೊತ್ತಾಗೋಕೆ ಅಕ್ಷರ ಇರಲಿಲ್ವಾ ಅದರಲ್ಲಿ?" ಎಂದು ಕೇಳಿ, ಕೇಳಿದ ಕೂಡಲೇ ಅವರಿಗೇ ಹೊಳೆದು ಕೆನ್ನೆ ಉಜ್ಜಿಕೊಂಡರು. "ಅಕ್ಷರ ಬೇಡ ಅಂದವನು ನಾನೇ ಅಲ್ವಾ. ಸರಿ ಬಿಡಿ. ಆದದ್ದು ಒಳ್ಳೇದೇ ಆಯ್ತು. ನೀವು ಬರೆದಿದ್ದಕ್ಕಿಂತ ಇದೇ ಚೆನ್ನಾಗಿದೆ."

"ಇಲ್ಲ ಸಾರ್" ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಕಚೇರಿಯಲ್ಲಿ ಅವರಿಗೆ ಇಲ್ಲ ಎಂದವರನ್ನು ನಾನು ನೋಡಿರಲಿಲ್ಲ. ಇಳಿಜಾರಿನ ವಿಷಯ ಹೇಳಿದೆ. ತಡವರಿಸಿದೆ, ಕೈ ಆಡಿಸಿದೆ, ಒಂದೇ ಮಾತನ್ನು ಎರಡು ಸಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು, ಆದರೆ ಒಪ್ಪಲಿಲ್ಲ.

"ಹೆದರೋರಿಗೆ ದಾರಿ ಮಾಡಿಕೊಡೋಕೆ ಇದು ಆಸ್ಪತ್ರೆ ಅಲ್ಲಮ್ಮ, ಚಾಂಪಿಯನ್‌ಶಿಪ್ ಮೈದಾನ."

"ಚಾಂಪಿಯನ್‌ಶಿಪ್ ಒಂದು ವಾರ ಸಾರ್. ಉಳಿದ ವಾರಗಳೆಲ್ಲ ಇಲ್ಲಿ ಆಡೋರು ಹೆದರೋರೇ."

ಅವರು ಬೂಟಿನ ಮಣ್ಣನ್ನು ಗೂಟಕ್ಕೆ ಒರೆಸಿಕೊಂಡರು. ಅದನ್ನೇ ಒಪ್ಪಿಗೆ ಎಂದುಕೊಂಡು, ದಯವಿಟ್ಟು ಆ ದಂಡೆಗೆ ಒಂದು ಸಲ ಬನ್ನಿ ಎಂದು ಕರೆದೆ.

ಎಡದಂಡೆಯಲ್ಲಿ ಹುಲ್ಲಕ್ಕನ ಸಾಮ್ರಾಜ್ಯ. ಹುಲ್ಲಕ್ಕ ಮೈದಾನದ ಹುಲ್ಲಿನ ಉಸ್ತುವಾರಿಯವರು. ಗ್ರೀನುಗಳಿಗೆ ಹಾಸುವ ಹುಲ್ಲನ್ನು ಅಲ್ಲಿ ಪಟ್ಟಿ ಪಟ್ಟಿಯಾಗಿ ಬೆಳೆಸುತ್ತಿದ್ದರು. ನಾವು ಮೂವರು ಬೂಟು ಹಾಕಿಕೊಂಡು ಬರುವುದನ್ನು ಕಂಡು ದೂರದಿಂದಲೇ ಕೂಗಿದರು.

"ಅಂಚಿನಲ್ಲಿ ಬನ್ನಿ, ಅಂಚಿನಲ್ಲಿ! ಯಜಮಾನ್ರಾದ್ರೂ ಅಷ್ಟೆ, ಎಳೆ ಹುಲ್ಲಿಗೆ ಯಜಮಾನ್ರ ಬೂಟು ಅಂತ ಗೊತ್ತಾಗಲ್ಲ."

ವಿಷಯ ಹೇಳಿದೆ. ಅವರ ಪಟ್ಟಿಗಳಲ್ಲಿ ಒಂದರ ಜಾಗದಲ್ಲೇ ಟೀ ಬರಬೇಕಿತ್ತು. ಹುಲ್ಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಹುಲ್ಲು ಕಿತ್ತು ನಿನ್ನ ಟೀ ಮಾಡ್ತೀಯಾ? ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ."

"ಹೇಗಿದ್ರೂ ಗ್ರೀನಿಗೆ ಹಾಸೋಕೆ ಕೀಳಲೇಬೇಕಲ್ಲ ಅಕ್ಕ."

"ಕೀಳೋದು ನಾನು. ನನ್ನ ಮನಸ್ಸು ಬಂದಾಗ."

ನಮ್ಮಲ್ಲಿ ಬಿಡುವಿದ್ದಾಗಲೆಲ್ಲ ಆಡುತ್ತಿದ್ದವರು ಹುಲ್ಲಕ್ಕ ಒಬ್ಬರೇ. ಆಡುತ್ತಿದ್ದರು, ಆದರೆ ನೀರು ಕಂಡರೆ ಅವರಿಗೆ ನನ್ನ ಹಾಗೆಯೇ. ಅವರ ಗಾಲ್ಫ್ ಕೋಲುಗಳ ಚೀಲ ಶೆಡ್ಡಿನಲ್ಲೇ ಇರುತ್ತಿತ್ತು. ದೊಡ್ಡೋರು ಹೇಳಿದರು, "ಒಂದೆರಡು ಹೊಡೀರಿ ನೋಡೋಣ. ಮೊದಲು ಆ ಬಲದಂಡೆಯಿಂದ."

ಮತ್ತೆ ಸುತ್ತಿಕೊಂಡು ಬಲದಂಡೆಗೆ ಹೋದೆವು. ಹುಲ್ಲಕ್ಕ ಗೂಟಗಳ ನಡುವೆ ನಿಂತು, ನೀರನ್ನು ನೋಡಿ, ಮರಳುಗುಂಡಿಯನ್ನು ನೋಡಿ, ಕೋಲನ್ನು ಕೆಳಗಿಳಿಸಿದರು. "ಎಲ್ಲಿಗೆ ಹೊಡೀಲಿ ಸಾರ್? ನನ್ನಂಥೋಳಿಗೆ ಎಲ್ಲೂ ಜಾಗಾನೇ ಇಟ್ಟಿಲ್ವಲ್ಲ. ಮನೆಗೆ ಹೋಗ್ಲಾ?" ಆದರೂ ಹೊಡೆದರು. ಒಂದು ನೀರಿಗೆ, ಒಂದು ಮರಳಿಗೆ. ಭಾವ ನಗು ತಡೆದುಕೊಳ್ಳಲು ಕೆಮ್ಮಿದರು.

ಎಡದಂಡೆಯಲ್ಲಿ, ಪಟ್ಟಿಯ ಅಂಚಿನ ಮಣ್ಣಿನ ಮೇಲೆ ನಿಂತು ಹುಲ್ಲಕ್ಕ ಸುತ್ತಮುತ್ತ ನೋಡಿದರು. ನಾನು ಬಾಯಿ ಬಿಡಲಿಲ್ಲ. ಎಲ್ಲಿಗೆ ಹೊಡೆಯಬೇಕೆಂದು ಹೇಳಿಕೊಟ್ಟರೆ ನನ್ನ ಗ್ರೀನ್ ಸೋತ ಹಾಗೆ. ಅವರು ತಾವಾಗಿಯೇ ಎಡಕ್ಕೆ ತಿರುಗಿ ನಿಂತರು. ಮೊದಲ ಚೆಂಡು ಗ್ರೀನಿನ ಅಂಚಿನ ಸಡಿಲ ಮಣ್ಣಿಗೆ ಬಿದ್ದು ಹೂತುಕೊಂಡಿತು. ಎರಡನೆಯದು ಎತ್ತರದ ಮೇಲೆ ಬಿತ್ತು, ನಿಂತಿತು ಎಂದುಕೊಂಡೆವು, ಆದರೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ ಹೊರಟಿತು. ಉರುಳಿ ಉರುಳಿ ಅರ್ಧ ದಾರಿಗೆ ಬಂದು, ಒಂದು ಜಲ್ಲಿ ಕಲ್ಲಿಗೆ ತಗುಲಿ ನಿಂತಿತು.

"ಆ ಕಲ್ಲು ನಾನು ತೆಗೀತೀನಿ" ಎಂದರು ಭಾವ ತಕ್ಷಣ.

ಹುಲ್ಲಕ್ಕ ದೊಡ್ಡೋರ ಕಡೆ ತಿರುಗಿದರು. "ಇದು ಮಣ್ಣು ಸಾರ್. ನನ್ನ ಹುಲ್ಲು ಬಂದ್ರೆ ಅದು ಬಾವುಟದವರೆಗೂ ಹೋಗುತ್ತೆ. ನಾನು ಹೊಡೆದ ಚೆಂಡು ನನ್ನ ಮಾತು ಕೇಳಿದ್ದು ಇವತ್ತೇ ಮೊದಲು." ಆಮೇಲೆ ತಮಗೆ ತಾವೇ ಎಂಬಂತೆ, "ಈ ಪಟ್ಟಿ ಬೇಕಾದ್ರೆ ಬಿಟ್ಟುಕೊಡಬಹುದು. ಬೇರೆ ಕಡೆ ಬೆಳೆಸ್ಕೋತೀನಿ" ಎಂದರು.

ದೊಡ್ಡೋರು ಎರಡೂ ದಂಡೆಗಳನ್ನು ನೋಡುತ್ತ ನಿಂತರು. ಅವರು ಯೋಚಿಸುವಾಗ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾರೆ. ಎಳೆದರು. ಆಮೇಲೆ ಹೇಳಿದರು, "ಎರಡೂ ಇರಲಿ. ಟೀ ಎರಡು, ಗ್ರೀನ್ ಒಂದು. ಚಾಂಪಿಯನ್‌ಶಿಪ್ ನಾಲ್ಕು ದಿನ ನಡೆಯುತ್ತೆ, ಎರಡು ದಿನ ಆ ದಂಡೆ, ಎರಡು ದಿನ ಈ ದಂಡೆ. ಒಂದು ದಿನ ಬೈಕೋತಾರೆ, ಮರುದಿನ ಹುಡುಕ್ತಾರೆ. ಉಳಿದ ವರ್ಷವೆಲ್ಲ ನಿಮ್ಮ ಹೆದರೋರು ಇಲ್ಲಿಂದ ಆಡಲಿ." ನನ್ನ ಕಡೆ ನೋಡಿ, "ಈಗ್ಲಾದ್ರೂ ಮುಖ ಸ್ವಲ್ಪ ಸಡಿಲ ಮಾಡಿ. ಇಲ್ಲ ಅಂದ್ರಲ್ಲ ನನಗೆ, ಆಗ ಚೆನ್ನಾಗಿತ್ತು ಮುಖ" ಎಂದರು.

ಭಾವ ಮೆಲ್ಲಗೆ ಕೇಳಿದರು, "ರೋಲರು ಸಾರ್?"

"ಹೊಸ ಟೀ ಯಾರು ಕೆತ್ತಬೇಕು ಮತ್ತೆ? ಕೆತ್ತಿ. ಆದ್ರೆ ಹಾಳೆಯ ಮೇಲೆ ಅ ಅಂತ ಒಂದು ಅಕ್ಷರ ಬರೆದು ಕಳಿಸ್ತಾರೆ. ಅ ಅಂದ್ರೆ ಅ ಥರ ಕಾಣಬೇಕು. ಬೇರೆ ಏನಾದ್ರೂ ಕಂಡ್ರೆ ಗಾಡಿ ನಿಲ್ಲಿಸಿ."

ನಾನು ಗೆದ್ದೆನೇ? ಗೊತ್ತಿಲ್ಲ. ಬಲದಂಡೆಯ ಕ್ರೂರ ಟೀ ಉಳಿಯಿತು, ಅದನ್ನು ನಾನು ಇಷ್ಟಪಟ್ಟಿಲ್ಲ. ಆದರೆ ಅವತ್ತು ಬಸ್ಸಿನಲ್ಲಿ ನಾನು ಏನನ್ನೂ ಮತ್ತೆ ಅಳೆಯಲಿಲ್ಲ. ಭಾವ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ, ತಾವು ತಿರುಗಿಸಿ ಮಾಡದೆ ಇದ್ದಿದ್ದರೆ ಇಂಥ ಎರಡು ಟೀ ಗ್ರೀನ್ ಎಲ್ಲಿಂದ ಬರುತ್ತಿತ್ತು ಎಂದು ಹಿಂದಿನ ಸೀಟಿನವರಿಗೆ ವಿವರಿಸುತ್ತಿದ್ದರು.

ಮೈದಾನ ತೆರೆದ ಮೇಲೆ ಒಂದು ರಜೆಯ ದಿನ ಅಲ್ಲಿಗೆ ಹೋದೆ. ಏನೂ ಕೆಲಸವಿರಲಿಲ್ಲ, ನೋಡಿ ಬರೋಣ ಎಂದು. ಹನ್ನೆರಡನೆಯ ಗ್ರೀನಿನ ಪಕ್ಕದ ದಿಬ್ಬದ ಮೇಲೆ ಹುಲ್ಲಿನಲ್ಲಿ ಕುಳಿತೆ. ಎಡದಂಡೆಯ ಟೀಯಲ್ಲಿ ಅಪ್ಪ ಮಗಳ ಥರ ಕಾಣುವ ಇಬ್ಬರು ನಿಂತಿದ್ದರು. ನಿಶ್ಶಬ್ದವಾಗಿದ್ದರಿಂದ ಮಾತು ನೀರಿನ ಮೇಲಿಂದ ಕೇಳಿಸುತ್ತಿತ್ತು. ಅಪ್ಪ ನೇರ ಬಾವುಟಕ್ಕೆ ಹೊಡೆದು ಚೆಂಡನ್ನು ನೀರಿಗೆ ಕೊಟ್ಟರು. ಮಗಳು ಮುಂದೆ ಬಂದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಆ ಒರೆಸಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು.

"ನೀರು ನೋಡ್ಬೇಡ" ಎಂದರು ಅಪ್ಪ.

"ಅಪ್ಪಾ, ನೀವು ಸ್ವಲ್ಪ ಸುಮ್ನಿರಿ. ನೋಡ್ತಿದೀನಿ."

ಅವಳು ಬಹಳ ಹೊತ್ತು ನೋಡಿದಳು. ಎಡಕ್ಕೆ ತಿರುಗಿದಳು. ಚೆಂಡು ಎತ್ತರದ ಪಟ್ಟಿಯ ಮೇಲೆ ಮೆತ್ತಗೆ ಬಿದ್ದು, ಒಂದು ಗಳಿಗೆ ಅಲ್ಲೇ ಇದ್ದು, ಹೊರಟಿತು. ಹುಲ್ಲಕ್ಕನ ಹುಲ್ಲಿನ ಮೇಲೆ ಯಾವ ಅವಸರವೂ ಇಲ್ಲದೆ ಉರುಳಿತು. ಬಾವುಟದಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಅದೃಷ್ಟ ಅಂದ್ರೆ ಇದು!" ಎಂದರು ಅಪ್ಪ.

"ಇಲ್ಲಪ್ಪ, ನಾನು ಅಲ್ಲಿಗೇ ಹೊಡೆದಿದ್ದು" ಎಂದಳು ಮಗಳು. ಅಪ್ಪ ನಂಬಲಿಲ್ಲ, ಇಬ್ಬರೂ ಜಗಳವಾಡುತ್ತ ಕೊಳದ ದಂಡೆಯಲ್ಲಿ ನಡೆದು ಬಂದರು.

ನಾನು ಎದ್ದು ಹುಲ್ಲು ಕೊಡವಿಕೊಂಡೆ. ಇಳಿಜಾರು ಒಂದು ಕೂದಲೆಳೆಯಷ್ಟು ಹೆಚ್ಚಾಯಿತೇ ಎಂದು ಗೇಟಿನವರೆಗೂ ಯೋಚಿಸಿದೆ. ಗೇಟು ದಾಟಿದ ಮೇಲೆ, ಇಲ್ಲ, ಸರಿಯಾಗಿಯೇ ಇದೆ ಎಂದುಕೊಂಡೆ.